ಶಸ್ತ್ರಕ್ರಿಯೆಯ ಆತುರ ಮತ್ತು ಮನೆಮದ್ದಿನ ಮೋಹ

(ಮಹಿಳೆಯರ ಆರೋಗ್ಯದ ಕುರಿತು ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ನಾವು ಎತ್ತಿಕೊಂಡಿರುವ ವಿಷಯವು ನಮ್ಮ ಸಭೆಗಳಲ್ಲಿ ಚರ್ಚೆಗೆ ಬರುವುದು ಅಪರೂಪ. ಮದುವೆ, ವರದಕ್ಷಿಣೆ, ತಲಾಕ್, ಶಿಕ್ಷಣ ಇವುಗಳ ಬಗ್ಗೆ ಗಂಟೆಗಟ್ಟಲೆ ಮಾತನಾಡುತ್ತೇವೆ. ಆದರೆ ಮನೆಯ ಹೆಣ್ಣುಮಗಳು ತಿಂಗಳುಗಟ್ಟಲೆ ರಕ್ತಸ್ರಾವದಿಂದ ಬಳಲುತ್ತಿದ್ದರೆ ಅದು ಅಡುಗೆಮನೆಯ ಪಿಸುಮಾತಾಗಿಯೇ ಉಳಿಯುತ್ತದೆ. ಆ ಪಿಸುಮಾತು ಕೊನೆಗೊಳ್ಳುವುದು ಎರಡರಲ್ಲೊಂದು ಕಡೆ. ಒಂದೋ ‘ಮಕ್ಕಳಾಗಿಬಿಟ್ಟಿವೆ, ಇನ್ನು ಗರ್ಭಕೋಶವೇಕೆ? ಇಟ್ಟುಕೊಂಡರೆ ಕ್ಯಾನ್ಸರ್ ಬಂದೀತು, ತೆಗೆಸಿಬಿಡಿ’ ಎಂಬ ಸಲಹೆಯಲ್ಲಿ. ಇಲ್ಲವೇ ‘ಆಸ್ಪತ್ರೆಗೆ ಹೋದರೆ ಕೊಯ್ಯುತ್ತಾರೆ, ಕಷಾಯ ಕುಡಿ, ಸರಿಹೋಗುತ್ತದೆ’ ಎಂಬ ಸಲಹೆಯಲ್ಲಿ. ಇವೆರಡೂ ಹೆಣ್ಣಿನ ಪಾಲಿಗೆ ಅಪಾಯಕಾರಿ ಎಂಬುದೇ ನಮ್ಮ ಇಂದಿನ ಮಾತಿನ ತಿರುಳು.

ಮೊದಲು ಶಸ್ತ್ರಕ್ರಿಯೆಯ ಆತುರವನ್ನು ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 3ಕ್ಕಿಂತ ತುಸು ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆ. ಇದು ಸಣ್ಣ ಸಂಖ್ಯೆಯೆಂದು ತೋರಬಹುದು. ಆದರೆ ಇವರಲ್ಲಿ ಬಹಳಷ್ಟು ಮಂದಿ ಮೂವತ್ತರ ಹರೆಯದಲ್ಲೇ ಶಸ್ತ್ರಕ್ರಿಯೆಗೆ ಒಳಗಾದವರು ಮತ್ತು ಸುಮಾರು ಮೂರನೇ ಎರಡರಷ್ಟು ಶಸ್ತ್ರಕ್ರಿಯೆಗಳು ಖಾಸಗಿ ಆಸ್ಪತ್ರೆಗಳಲ್ಲಿ ನಡೆದಿವೆ ಎಂಬುದು ಯೋಚಿಸಬೇಕಾದ ಸಂಗತಿ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ಸರಕಾರವೇ ನೇಮಿಸಿದ ಸಮಿತಿಯು ಕಬ್ಬು ಕಡಿಯುವ 82 ಸಾವಿರಕ್ಕೂ ಹೆಚ್ಚು ಮಹಿಳೆಯರ ಸಮೀಕ್ಷೆ ನಡೆಸಿತು. ಅವರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶವನ್ನು ಕಳೆದುಕೊಂಡಿದ್ದರು. ಮುಟ್ಟಿನ ದಿನ ಕೆಲಸ ತಪ್ಪಿದರೆ ಗುತ್ತಿಗೆದಾರನಿಗೆ ದಂಡ ತೆರಬೇಕು. ಗದ್ದೆಯ ಬದಿಯ ಗುಡಿಸಲಿನಲ್ಲಿ ನೀರಿಲ್ಲ, ಶೌಚಾಲಯವಿಲ್ಲ. ಸೋಂಕು ತಗುಲಿ ವೈದ್ಯರ ಬಳಿ ಹೋದರೆ, ಕ್ಯಾನ್ಸರ್ ಭಯ ಹುಟ್ಟಿಸಿ ಶಸ್ತ್ರಕ್ರಿಯೆ. ನಮ್ಮ ರಾಜ್ಯದ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿಯೂ ಇಂಥದ್ದೇ ನಡೆದಿರುವುದು 2015ರ ಹೊತ್ತಿಗೆ ಬಯಲಾಯಿತು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಬಡ ಹೆಣ್ಣುಮಕ್ಕಳು ಸಾಲದ ಹೊರೆ ಮತ್ತು ಹೊಟ್ಟೆಯ ಮೇಲಿನ ಗಾಯದ ಗುರುತಿನೊಂದಿಗೆ ಮರಳಿದರು.

ರಾಜಸ್ಥಾನ, ಬಿಹಾರ, ಛತ್ತೀಸ್‌ಗಢಗಳಲ್ಲಿ ನಡೆದ ಇಂತಹ ಶಸ್ತ್ರಕ್ರಿಯೆಗಳ ಕುರಿತು ಸಲ್ಲಿಸಲಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2023ರ ಎಪ್ರಿಲ್‌ನಲ್ಲಿ ತೀರ್ಪಿತ್ತಿತು. ಕೇಂದ್ರ ಆರೋಗ್ಯ ಸಚಿವಾಲಯವು 2022ರಲ್ಲಿ ರೂಪಿಸಿದ್ದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಜಿಲ್ಲೆ, ರಾಜ್ಯ ಹಾಗೂ ರಾಷ್ಟ್ರ ಮಟ್ಟದಲ್ಲಿ ಉಸ್ತುವಾರಿ ಸಮಿತಿಗಳಿರಬೇಕೆಂಬುದು ಆ ಮಾರ್ಗಸೂಚಿಯ ಒಂದು ಅಂಶ. ಕಾನೂನು ಕಾಗದದ ಮೇಲಿದೆ. ಆದರೆ ತಾಲೂಕು ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞೆಯ ಹುದ್ದೆ ಖಾಲಿ ಬಿದ್ದಿರುವವರೆಗೆ ಬಡವರು ನರ್ಸಿಂಗ್ ಹೋಂನ ಬಾಗಿಲಿಗೇ ಹೋಗಬೇಕಲ್ಲವೇ? ಇದು ಕೇವಲ ಕೆಲವು ವೈದ್ಯರ ದುರಾಸೆಯ ಪ್ರಶ್ನೆಯಲ್ಲ. ಸಾರ್ವಜನಿಕ ಆರೋಗ್ಯ ವ್ಯವಸ್ಥೆಯನ್ನು ಸೊರಗಲು ಬಿಟ್ಟ ರಾಜಕೀಯದ ಪ್ರಶ್ನೆಯೂ ಹೌದು.

ಗರ್ಭಕೋಶವೆಂದರೆ ಮಕ್ಕಳನ್ನು ಹೆತ್ತ ಮೇಲೆ ಎಸೆಯಬಹುದಾದ ಚೀಲವಲ್ಲ. ಅದರೊಂದಿಗೆ ಅಂಡಾಶಯಗಳನ್ನೂ ತೆಗೆದರೆ ಮುಟ್ಟು ನಿಲ್ಲುವ ಕಾಲ ಒಮ್ಮೆಲೇ ಎರಗುತ್ತದೆ. ಮೂಳೆ ಸವೆಯುವ ಮತ್ತು ಹೃದಯರೋಗ ಬರುವ ಸಾಧ್ಯತೆ ಹೆಚ್ಚುತ್ತದೆ. ಅಂಡಾಶಯಗಳನ್ನು ಉಳಿಸಿದರೂ ಕೆಲವರಲ್ಲಿ ಅವು ಬೇಗನೆ ಬತ್ತುತ್ತವೆ ಎಂದು ಅಧ್ಯಯನಗಳು ತೋರಿಸಿವೆ. ಹಾಗೆಯೇ ಗರ್ಭಕೋಶದ ಗಡ್ಡೆ ಅಂದರೆ ಫೈಬ್ರಾಯ್ಡ್ ಬಹುತೇಕ ಎಲ್ಲ ಸಂದರ್ಭಗಳಲ್ಲೂ ಕ್ಯಾನ್ಸರ್ ಅಲ್ಲ. ತೊಂದರೆ ಕೊಡದ ಗಡ್ಡೆಗೆ ಚಿಕಿತ್ಸೆಯೇ ಬೇಕಾಗದು. ಮುಟ್ಟು ನಿಂತ ಮೇಲೆ ಅದು ಸಾಮಾನ್ಯವಾಗಿ ಕುಗ್ಗುತ್ತದೆ. ಅತಿರಕ್ತಸ್ರಾವಕ್ಕೆ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇರಿಸುವ ಹಾರ್ಮೋನ್ ಸಾಧನವಿದೆ, ಗಡ್ಡೆಯನ್ನು ಮಾತ್ರ ತೆಗೆಯುವ ವಿಧಾನವಿದೆ. ಬಿಳಿಸೆರಗು ಹೆಚ್ಚಿನ ಸಂದರ್ಭಗಳಲ್ಲಿ ಸೋಂಕಿನ ಲಕ್ಷಣ. ಅದಕ್ಕೆ ಬೇಕಿರುವುದು ಔಷಧ, ಕತ್ತರಿಯಲ್ಲ.

ಹಾಗಾದರೆ ರೋಗ ಬರುವ ಮುನ್ನವೇ ಮಾಡಿಸುವ ಶಸ್ತ್ರಕ್ರಿಯೆಯೆಲ್ಲವೂ ತಪ್ಪೇ? ಹಾಗೆನ್ನಲಾಗದು. ಹಾಲಿವುಡ್ ನಟಿ ಏಂಜೆಲಿನಾ ಜೋಲಿ 2013ರಲ್ಲಿ ಎರಡೂ ಸ್ತನಗಳ ಶಸ್ತ್ರಕ್ರಿಯೆಯನ್ನೂ 2015ರಲ್ಲಿ ಅಂಡಾಶಯಗಳ ಶಸ್ತ್ರಕ್ರಿಯೆಯನ್ನೂ ಮಾಡಿಸಿಕೊಂಡಾಗ ಜಗತ್ತಿನಾದ್ಯಂತ ಚರ್ಚೆಯಾಯಿತು. ಆಕೆಯ ತಾಯಿ ಕ್ಯಾನ್ಸರ್‌ನಿಂದ 56ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಆಕೆಯ ರಕ್ತಪರೀಕ್ಷೆಯಲ್ಲಿ ಬಿಆರ್‌ಸಿಎ-1 ಎಂಬ ವಂಶವಾಹಿಯ ದೋಷ ಖಚಿತವಾಗಿತ್ತು. ಈ ದೋಷವಿರುವ ಮಹಿಳೆಯರಲ್ಲಿ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು ಶೇ. 70, ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 40ಕ್ಕೂ ಹೆಚ್ಚು ಎಂದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತಿಳಿಸಿದೆ. ಅಂಡಾಶಯದ ಕ್ಯಾನ್ಸರನ್ನು ಮುಂಚಿತವಾಗಿ ಪತ್ತೆಹಚ್ಚುವ ನಂಬಲರ್ಹ ಪರೀಕ್ಷೆಯೂ ಇಲ್ಲ. ಆದ್ದರಿಂದ ಇಂಥವರಿಗೆ ಮಕ್ಕಳಾದ ನಂತರ, 35ರಿಂದ 40ರ ವಯಸ್ಸಿನಲ್ಲಿ ಅಂಡಾಶಯಗಳನ್ನು ತೆಗೆಸಿಕೊಳ್ಳುವಂತೆ ತಜ್ಞರು ಸಲಹೆ ನೀಡುತ್ತಾರೆ. ಒಂದು ಅಂಶವನ್ನು ಗಮನಿಸಿರಿ. ಅಷ್ಟೆಲ್ಲ ಅಪಾಯವಿದ್ದರೂ ಆಕೆ ಗರ್ಭಕೋಶವನ್ನು ತೆಗೆಸಲಿಲ್ಲ. ಏಕೆಂದರೆ ಆ ಕುಟುಂಬದಲ್ಲಿ ಗರ್ಭಕೋಶದ ಕ್ಯಾನ್ಸರ್‌ನ ಇತಿಹಾಸವಿರಲಿಲ್ಲ. ಅಂದರೆ ಅಲ್ಲಿ ಪರೀಕ್ಷೆಯಿತ್ತು, ಲೆಕ್ಕಾಚಾರವಿತ್ತು, ಸಮಾಲೋಚನೆಯಿತ್ತು. ನಮ್ಮಲ್ಲಿ ಒಂದೇ ಒಂದು ಸ್ಕ್ಯಾನಿಂಗ್ ವರದಿ ಹಿಡಿದು ‘ಮುಂದೆ ಕ್ಯಾನ್ಸರ್ ಆದೀತು’ ಎನ್ನುವುದಕ್ಕೂ ಇದಕ್ಕೂ ಅಜಗಜಾಂತರವಿದೆ.

ಇನ್ನು ಎರಡನೆಯ ಬದಿಗೆ ಬರೋಣ. ಶಸ್ತ್ರಕ್ರಿಯೆಯ ಭಯವನ್ನೇ ಬಂಡವಾಳವಾಗಿಸಿಕೊಂಡವರೂ ನಮ್ಮ ನಡುವೆ ಇದ್ದಾರೆ. ಗಡ್ಡೆ ಕರಗಿಸುವ ಪುಡಿ, ಕ್ಯಾನ್ಸರ್ ಗುಣಪಡಿಸುವ ಎಣ್ಣೆ, ಎಲ್ಲಕ್ಕೂ ಒಂದೇ ಮದ್ದಾಗಿ ಹಿಜಾಮ. ಇವುಗಳಿಗೆ ‘ಪ್ರವಾದಿ ವೈದ್ಯ’ ಎಂಬ ಪವಿತ್ರ ಲೇಬಲ್ ಹಚ್ಚಲಾಗುತ್ತದೆ. ಕರಿಜೀರಿಗೆಯ ಕುರಿತ ಹದೀಸ್ ಎಲ್ಲರಿಗೂ ಬಾಯಿಪಾಠ. ಆದರೆ ಆ ಮಾತನ್ನು ಪ್ರತಿಯೊಂದು ರೋಗಕ್ಕೂ ಪ್ರತಿಯೊಬ್ಬರಿಗೂ ಅಕ್ಷರಶಃ ಅನ್ವಯಿಸಬಾರದೆಂದು ಖತ್ತಾಬಿಯಂತಹ ಪ್ರಾಚೀನ ವ್ಯಾಖ್ಯಾನಕಾರರೇ ವಿವರಿಸಿದ್ದಾರೆ. ಪ್ರವಾದಿವರ್ಯರು(ಸ) ರೋಗಿಗಳಿಗೆ ಚಿಕಿತ್ಸೆ ಪಡೆಯುವಂತೆ ಆದೇಶಿಸಿದರು. ತಮ್ಮ ಸಂಗಾತಿ ಉಬಯ್ಯ್ ಬಿನ್ ಕಅಬ್(ರ)ರ ಬಳಿಗೆ ವೈದ್ಯರನ್ನು ಕಳುಹಿಸಿದರು. ಆ ವೈದ್ಯರು ರಕ್ತನಾಳವನ್ನು ಕೊಯ್ದು, ಅಲ್ಲಿಗೆ ಬರೆ ಹಾಕಿ ಚಿಕಿತ್ಸೆ ನೀಡಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಹೀಗಿರುವಾಗ ಕತ್ತರಿ ಹಿಡಿದವರೆಲ್ಲ ಅಧರ್ಮಿಗಳು, ಪುಡಿ ಮಾರುವವರೆಲ್ಲ ಸುನ್ನತ್‌ನ ವಾರೀಸುದಾರರು ಎಂಬುದು ಎಂತಹ ತರ್ಕ? ವೈದ್ಯಜ್ಞಾನವಿಲ್ಲದೆ ಚಿಕಿತ್ಸೆಗಿಳಿದವನು ಅದರಿಂದಾಗುವ ಹಾನಿಗೆ ಹೊಣೆಗಾರನೆಂದು ಪ್ರವಾದಿ(ಸ) ಎಚ್ಚರಿಸಿದ್ದನ್ನು ಏಕೆ ಮರೆಯುತ್ತೇವೆ?

ಕೊರ್ಡೋವಾದ ಅಬುಲ್ ಕಾಸಿಮ್ ಅಝ್ಝಹ್ರಾವಿಯವರು ಸಾವಿರ ವರ್ಷಗಳ ಹಿಂದೆ 30 ಭಾಗಗಳ ‘ಅತ್ತಸ್ರೀಫ್’ ಗ್ರಂಥವನ್ನು ರಚಿಸಿದರು. ಅದರ ಕೊನೆಯ ಭಾಗ ಶಸ್ತ್ರಚಿಕಿತ್ಸೆಗೇ ಮೀಸಲು. ಯುರೋಪಿನ ವೈದ್ಯರು ಶತಮಾನಗಳ ಕಾಲ ಅದನ್ನು ಓದಿ ಕಲಿತರು. ಶಸ್ತ್ರಕ್ರಿಯೆಯನ್ನು ಅಷ್ಟು ವಿಸ್ತಾರವಾಗಿ ಕಲಿಸಿದ ಅವರೇ, ಶರೀರರಚನೆ ತಿಳಿಯದೆ ಮಹಿಳೆಯೋರ್ವಳ ಕುತ್ತಿಗೆಯ ಗಡ್ಡೆ ಕೊಯ್ದು ಆಕೆಯ ಸಾವಿಗೆ ಕಾರಣನಾದ ವೈದ್ಯನ ಪ್ರಸಂಗವನ್ನು ಪೀಠಿಕೆಯಲ್ಲಿ ಬರೆದು ಶಿಷ್ಯರನ್ನು ಎಚ್ಚರಿಸಿದರು. ನಮ್ಮ ಪರಂಪರೆ ಶಸ್ತ್ರಕ್ರಿಯೆಯನ್ನು ತಿರಸ್ಕರಿಸಿಲ್ಲ. ಅಜ್ಞಾನ ಮತ್ತು ಆತುರವನ್ನು ತಿರಸ್ಕರಿಸಿದೆ.

ನೈಸರ್ಗಿಕ ಮಾರ್ಗಕ್ಕೆ ಬೆಲೆಯಿಲ್ಲವೆಂದು ಇದರ ಅರ್ಥವಲ್ಲ. ಪವಿತ್ರ ಕುರ್‌ಆನ್ ಅಲ್‌ಬಕರಾ ಅಧ್ಯಾಯದಲ್ಲಿ ಎರಡು ಪೂರ್ಣ ವರ್ಷಗಳ ಸ್ತನಪಾನವನ್ನು ಪ್ರಸ್ತಾಪಿಸುತ್ತದೆ. ಎದೆಹಾಲುಣಿಸಿದ ಪ್ರತಿ 12 ತಿಂಗಳಿಗೆ ತಾಯಿಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 4ರಷ್ಟು ಇಳಿಯುತ್ತದೆಂದು 30 ದೇಶಗಳ ಮಾಹಿತಿ ಕಲೆಹಾಕಿದ ಅಧ್ಯಯನವು 2002ರಲ್ಲಿ ತೋರಿಸಿತು. ತೂಕ ಇಳಿಸಿದರೆ, ದಿನವೂ ನಡೆದರೆ ಏರುಪೇರಾದ ಮುಟ್ಟು ಎಷ್ಟೋ ಮಂದಿಯಲ್ಲಿ ಸರಿಹೋಗುತ್ತದೆ. ಬೊಜ್ಜು ಗರ್ಭಕೋಶದ ಒಳಪದರದ ಕ್ಯಾನ್ಸರ್‌ಗೆ ಪ್ರಮುಖ ಕಾರಣಗಳಲ್ಲೊಂದು. ಗರ್ಭಕೋಶ ಸ್ವಲ್ಪ ಜಾರಿದ್ದರೆ ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮದಿಂದ ಉಪಶಮನ ಸಿಗುತ್ತದೆ. ದೇಶದ ಅರ್ಧಕ್ಕಿಂತಲೂ ಹೆಚ್ಚು ಮಹಿಳೆಯರು ರಕ್ತಹೀನರು. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ನಮ್ಮ ಮನೆಯ ಪದ್ಧತಿ ಬದಲಾಗದೆ ಅವರ ಆರೋಗ್ಯ ಸುಧಾರಿಸುವುದಾದರೂ ಹೇಗೆ? ಆದರೆ ನೈಸರ್ಗಿಕ ಮಾರ್ಗಕ್ಕೊಂದು ಗಡಿಯಿದೆ. ವಂಶವಾಹಿಯ ದೋಷವನ್ನು ಯಾವ ಕಷಾಯವೂ ತಿದ್ದದು. ಆರಂಭದಲ್ಲಿ ಗುಣವಾಗಬಹುದಾಗಿದ್ದ ಕ್ಯಾನ್ಸರ್, ಮನೆಮದ್ದಿನಲ್ಲಿ ಆರು ತಿಂಗಳು ಕಳೆದಾಗ ಕೈಮೀರಿರುತ್ತದೆ.

ಶಸ್ತ್ರಕ್ರಿಯೆಗೂ ಕಷಾಯಕ್ಕೂ ನಡುವೆ ತಪಾಸಣೆಯೆಂಬ ವಿಶಾಲವಾದ ದಾರಿಯೊಂದಿದೆ. ನಾವು ಅತಿ ಹೆಚ್ಚು ಅಲಕ್ಷಿಸಿರುವುದು ಅದನ್ನೇ. ಗರ್ಭಕೊರಳಿನ ಕ್ಯಾನ್ಸರ್ ಒಂದು ದಿನದಲ್ಲಿ ಬರುವುದಲ್ಲ. ವೈರಸ್ ಸೋಂಕು ಕ್ಯಾನ್ಸರ್ ಆಗಿ ಬೆಳೆಯಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷಗಳು ಬೇಕು. ಅಷ್ಟರೊಳಗೆ ಸರಳ ಪರೀಕ್ಷೆಯಿಂದ ಅದನ್ನು ತಡೆಯಬಹುದು. ವಿನೆಗರ್‌ನಂತಹ ದ್ರಾವಣ ಹಚ್ಚಿ ಕಣ್ಣಿನಿಂದಲೇ ನೋಡುವ ಪರೀಕ್ಷೆಯನ್ನು ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಆಸ್ಪತ್ರೆಯವರು ವರ್ಷಗಟ್ಟಲೆ ನಡೆಸಿದಾಗ ಈ ಕ್ಯಾನ್ಸರ್‌ನಿಂದಾಗುವ ಸಾವು ಶೇ. 31ರಷ್ಟು ಇಳಿಯಿತು. ಸರಕಾರಿ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆಯಿದೆ. ಹದಿಹರೆಯದ ಹೆಣ್ಣುಮಕ್ಕಳಿಗೆ ಲಸಿಕೆಯಿದೆ. ಲಸಿಕೆಯೂ ತಪಾಸಣೆಯೂ ಇರುವಾಗ ಕ್ಯಾನ್ಸರ್ ಭಯದಿಂದ ಆರೋಗ್ಯವಂತ ಗರ್ಭಕೋಶವನ್ನು ತೆಗೆಸುವ ಅಗತ್ಯವೇನು?

ನಾಚಿಕೆಯ ನೆಪವನ್ನು ನಾವು ಒಪ್ಪುವುದಿಲ್ಲ. ಫಾತಿಮಾ ಬಿಂತ್ ಅಬೀ ಹುಬೈಶ್(ರ) ತಮ್ಮ ನಿಲ್ಲದ ರಕ್ತಸ್ರಾವದ ಬಗ್ಗೆ ನೇರವಾಗಿ ಪ್ರವಾದಿವರ್ಯರ(ಸ) ಬಳಿಗೆ ಹೋಗಿ ಪ್ರಶ್ನಿಸಿದರು. ಅದು ಮುಟ್ಟಲ್ಲ, ರಕ್ತನಾಳದಿಂದ ಬರುವ ರಕ್ತವೆಂದು ಅವರು ತಿಳಿಸಿಕೊಟ್ಟರು. ಸಾಮಾನ್ಯ ಮುಟ್ಟು ಬೇರೆ, ಅಸಹಜ ರಕ್ತಸ್ರಾವ ಬೇರೆ ಎಂಬ ಈ ಪಾಠವನ್ನು ನಮ್ಮ ಮದ್ರಸಗಳಲ್ಲಿ ನಮಾಝ್‌ನ ನಿಯಮವಾಗಿ ಮಾತ್ರ ಕಲಿಸಲಾಗುತ್ತದೆ. ಆರೋಗ್ಯದ ಪಾಠವಾಗಿಯೂ ಕಲಿಸಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ, ಎರಡು ಮುಟ್ಟುಗಳ ನಡುವೆ ಅಥವಾ ದಾಂಪತ್ಯದ ನಂತರ ರಕ್ತ ಬಂದರೂ, ಸ್ತನದಲ್ಲಿ ಗಂಟು ಸಿಕ್ಕರೂ ತಡಮಾಡದೆ ವೈದ್ಯೆಯ ಬಳಿಗೆ ಹೋಗಬೇಕು.

ತೀರ್ಮಾನ ಯಾರದ್ದು ಎಂಬುದು ಕೊನೆಯ ಪ್ರಶ್ನೆ. ಪತಿ, ಅತ್ತೆ, ವೈದ್ಯರು ಕೂಡಿ ನಿರ್ಧರಿಸುತ್ತಾರೆ. ಯಾರ ಹೊಟ್ಟೆಯನ್ನು ಕೊಯ್ಯಲಾಗುತ್ತದೋ ಆಕೆ ಮೌನವಾಗಿರುತ್ತಾಳೆ. ತಪಾಸಣೆಗೆಂದು ಮಾತ್ರ ಒಪ್ಪಿದ್ದ ಮಹಿಳೆ ಅರಿವಳಿಕೆಯಲ್ಲಿದ್ದಾಗ ಆಕೆಯ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಸ್ಪಷ್ಟಪಡಿಸಿದೆ: ಜೀವಕ್ಕೆ ತಕ್ಷಣದ ಅಪಾಯವಿಲ್ಲದಿದ್ದಾಗ ಪ್ರಾಪ್ತ ವಯಸ್ಕ ಮಹಿಳೆಯ ಪರವಾಗಿ ಬೇರೆಯವರು ಒಪ್ಪಿಗೆ ಕೊಡಲಾಗದು. ಇಸ್ಲಾಮ್ ಹೆಣ್ಣಿಗೆ ಮದುವೆಯಲ್ಲಿ ಒಪ್ಪಿಗೆಯ ಹಕ್ಕನ್ನೂ ಸೊತ್ತಿನಲ್ಲಿ ಒಡೆತನದ ಹಕ್ಕನ್ನೂ ಕೊಟ್ಟಿದೆ. ಅಲ್ಲಾಹನು ಆಕೆಗೆ ಅಮಾನತ್ತಾಗಿ ಕೊಟ್ಟ ಶರೀರದ ವಿಷಯದಲ್ಲಿ ಆಕೆಯನ್ನೇ ಕೇಳದಿರುವುದು ಯಾವ ನ್ಯಾಯ?

ಆದ್ದರಿಂದ ಸಹೋದರಿಯರೇ, ಯಾರಾದರೂ ಶಸ್ತ್ರಕ್ರಿಯೆಯ ಸಲಹೆ ನೀಡಿದರೆ ಐದು ಪ್ರಶ್ನೆಗಳನ್ನು ಕೇಳಿರಿ. ನನ್ನ ರೋಗ ಯಾವುದು, ಅದನ್ನು ಯಾವ ಪರೀಕ್ಷೆ ಖಚಿತಪಡಿಸಿದೆ? ಬೇರೆ ಚಿಕಿತ್ಸೆಯಿದೆಯೇ? ಕೆಲವು ತಿಂಗಳು ಕಾದರೆ ಏನಾಗುತ್ತದೆ? ಅಂಡಾಶಯಗಳನ್ನು ಉಳಿಸುತ್ತೀರಾ? ವರದಿಗಳನ್ನು ಇನ್ನೊಬ್ಬ ತಜ್ಞರಿಗೆ ತೋರಿಸಬಹುದೇ? ಪ್ರಾಮಾಣಿಕ ವೈದ್ಯರು ಈ ಪ್ರಶ್ನೆಗಳಿಗೆ ಸಿಡುಕಲಾರರು. ಪುಡಿ ಮಾರುವವರಿಗೂ ಇವೇ ಪ್ರಶ್ನೆಗಳನ್ನು ಹಾಕಿರಿ.

ಸಹೋದರರೇ, ನಿಮ್ಮ ಪತ್ನಿ, ತಾಯಿ, ಸಹೋದರಿಯನ್ನು ತಪಾಸಣೆಗೆ ಕರೆದೊಯ್ಯುವುದು ಉಪಕಾರವಲ್ಲ, ಬಾಧ್ಯತೆ. ಜಮಾಅತ್ ಕಮಿಟಿಗಳು ವರ್ಷಕ್ಕೊಮ್ಮೆಯಾದರೂ ವೈದ್ಯೆಯರನ್ನು ಆಹ್ವಾನಿಸಿ ಮಹಿಳೆಯರಿಗಾಗಿ ತಪಾಸಣಾ ಶಿಬಿರ ಏರ್ಪಡಿಸಲಿ. ತಾಲೂಕು ಆಸ್ಪತ್ರೆಗೆ ಸ್ತ್ರೀರೋಗ ತಜ್ಞೆಯನ್ನು ನೇಮಿಸುವಂತೆ ಎಲ್ಲ ಸಮುದಾಯದವರೊಂದಿಗೆ ಸೇರಿ ಶಾಸಕರನ್ನು ಒತ್ತಾಯಿಸಲಿ. ಕ್ಯಾನ್ಸರ್ ಜಾತಿ ಧರ್ಮ ನೋಡುವುದಿಲ್ಲ, ಆಸ್ಪತ್ರೆಯ ಖಾಲಿ ಕುರ್ಚಿಯೂ ನೋಡುವುದಿಲ್ಲ. ಅಲ್ಲಾಹನು ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಆರೋಗ್ಯವನ್ನೂ ಅವರ ಮಾತನ್ನು ಆಲಿಸುವ ವಿವೇಕವನ್ನು ನಮಗೂ ಕರುಣಿಸಲಿ. ಆಮೀನ್.