ಓಢಣಿಗೆ ಉರಿ ತಾಗಿದರೆ
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಬಟ್ಟೆಯ ವಿಷಯವಾಗಿ ನಾಲ್ಕು ಮಾತಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ನಾನು ನೇಯುವವನಲ್ಲ, ಗಿರಣಿಯ ಕಚೇರಿಯಲ್ಲಿ ಥಾನುಗಳ ಉದ್ದ, ತೂಕ ಬರೆದಿಡುವ ಗುಮಾಸ್ತ. ಆದುದರಿಂದ ತೂಕದ ಮಾತನ್ನೇ ಆಡುತ್ತೇನೆ.

1994ರ ಆಗಸ್ಟಿನಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗವು ಭಾರತದಿಂದ ಹೋಗಿದ್ದ ತೆಳು ರೇಯಾನ್ ಲಂಗಗಳನ್ನು, ಸುಮಾರು ಎರಡೂವರೆ ಲಕ್ಷದಷ್ಟನ್ನು, ಗಿರಾಕಿಗಳಿಂದ ವಾಪಸು ತರಿಸಿತು. ವರ್ತಮಾನಪತ್ರಿಕೆಯ ಹಾಳೆಗಿಂತ ಬೇಗ ಅವು ಉರಿಯುತ್ತಿದ್ದವು. ಮುಂದೆ ಸ್ಕಾರ್ಫುಗಳಿಗೂ ಇದೇ ಗತಿ ಬಂದದ್ದುಂಟು. ಉರಿಯುವ ಬಟ್ಟೆಗಳ ಬಗ್ಗೆ ಆ ದೇಶದಲ್ಲಿ 1953ರಿಂದಲೇ ಕಾಯಿದೆಯಿದೆ. ಬಟ್ಟೆಯ ತುಣುಕನ್ನು ಓರೆಯಾಗಿರಿಸಿ ಒಂದು ಸೆಕೆಂಡು ಜ್ವಾಲೆ ತಾಗಿಸುತ್ತಾರೆ. ಜುಂಗಿಲ್ಲದ ಬಟ್ಟೆಯಲ್ಲಿ ಉರಿ 5 ಅಂಗುಲ ಏರಲು 3.5 ಸೆಕೆಂಡೂ ಹಿಡಿಯದಿದ್ದರೆ ಅದು ಉಡುಪಿಗೆ ಸಲ್ಲದು. ಚದರ ಮೀಟರಿಗೆ 88 ಗ್ರಾಂ ಅಥವಾ ಹೆಚ್ಚು ತೂಗುವ ಅಂಥ ಬಟ್ಟೆಗೆ ಈ ಪರೀಕ್ಷೆಯೇ ಬೇಡ. ಭಯವೆಲ್ಲ ಹಗುರ ಮಾಲಿನದು.

ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಹಗುರವಾದದ್ದು ಯಾವುದು? ಓಢಣಿ, ಸ್ಕಾರ್ಫು. ಮೈಗೆ ಅಂಟಿದ ಬಟ್ಟೆಗೆ ಒಂದೇ ಕಡೆಯಿಂದ ಗಾಳಿ. ಜೋಲುವ ಓಢಣಿಗೆ ಎರಡೂ ಕಡೆಯಿಂದ. ಅಂಚಿನ ಗೊಂಡೆಗಳಂತೂ ಎಳೆ ಎಳೆಯಾಗಿ ಬಿಡಿಯಾಗಿರುತ್ತವೆ, ಕಿಡಿಗೆ ಕಾದಿದ್ದಂತೆ. ಉರಿ ಕೆಳಗೆ ಹತ್ತಿ ಮೇಲಕ್ಕೆ, ಅಂದರೆ ಮುಖದತ್ತಲೇ ಓಡುತ್ತದೆ. ಪುಣೆಯ ನಮ್ಮ ಹುಡುಗಿಯರು ಬಿಸಿಲು ಧೂಳಿಗೆಂದು ಮುಖಕ್ಕೆ ಸ್ಕಾರ್ಫು ಸುತ್ತಿ ಸ್ಕೂಟರ್ ಏರುತ್ತಾರೆ, ಅದು ಸರಿಯೇ. ಮನೆಗೆ ಬಂದು ಅದನ್ನು ಕೊರಳಿಗೇ ಜೋಲಬಿಟ್ಟು ಗ್ಯಾಸ್ ಹಚ್ಚುತ್ತಾರಲ್ಲ, ಅದನ್ನು ಕಂಡರೆ ನನಗೆ ಅಂಜಿಕೆ. ಹೆಗಲಿಗೆ ಪಿನ್ನು ಚುಚ್ಚಿದ ಓಢಣಿಯನ್ನು ಉರಿ ಹತ್ತಿದಾಗ ಕಿತ್ತೊಗೆಯಲೂ ಆಗದು. ದೀಪಾವಳಿಯ ಪಣತಿಗಳ ಸಾಲಿನಲ್ಲಿ ಸೀರೆಯ ಸೆರಗಿಗೂ ಇದೇ ಮಾತು.

ಅಂಗಡಿಯವರು 'ರೇಷ್ಮೆ' ಎನ್ನುವುದರಲ್ಲಿ ಎಷ್ಟೋ ರೇಯಾನ್ ಇರುತ್ತದೆ. ಮಡಿಕೆಯಿಂದ ಎರಡೆಳೆ ಕಿತ್ತು, ಚಿಮಟದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ ಇಲ್ಲವೆ ರೇಯಾನ್. ಕೂದಲು ಸುಟ್ಟಂತಾದರೆ ರೇಷ್ಮೆ. ಕರಗಿ ಮಣಿಗಟ್ಟಿದರೆ ನೈಲಾನ್, ಪಾಲಿಯೆಸ್ಟರ್. ಈ ಕೊನೆಯದು ಬೇಗ ಹತ್ತದಿದ್ದರೂ ಕರಗಿ ಚರ್ಮಕ್ಕೆ ಅಂಟುತ್ತದೆ. ರೇಷ್ಮೆ ನಿಧಾನವೆಂದು ನಂಬಬೇಡಿ. ತೀರ ತೆಳುವಾದರೆ ಅದೂ ಉರಿಯುತ್ತದೆ.

ಉರಿ ಹತ್ತಿದರೆ ಓಡಬಾರದು. ನೆಲಕ್ಕೆ ಬಿದ್ದು ಹೊರಳಬೇಕು. ಸುಟ್ಟಲ್ಲಿ 20 ನಿಮಿಷ ತಣ್ಣೀರು ಹರಿಸಬೇಕು. ಎಣ್ಣೆ, ಹಿಟ್ಟು ಬೇಡ.

ವಾಪಸು ತರಿಸುವ ಅಧಿಕಾರ ನಮ್ಮಲ್ಲಿಲ್ಲವೇ ಎಂದರೆ, ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 20ನೆಯ ಕಲಮು ಅಪಾಯಕರ ಮಾಲನ್ನು ಹಿಂದಕ್ಕೆ ತರಿಸುವ ಹಕ್ಕನ್ನು ಕೇಂದ್ರ ಪ್ರಾಧಿಕಾರಕ್ಕೆ ಕೊಟ್ಟಿದೆ. 2022ರಲ್ಲಿ ಮಟ್ಟಕ್ಕೆ ನಿಲ್ಲದ ಪ್ರೆಶರ್ ಕುಕ್ಕರುಗಳ ಮೇಲೆ ಆ ಆಜ್ಞೆ ಹೊರಟಿತು. ಕುಕ್ಕರಿನ ಮೇಲೆ ತಯಾರಕನ ಹೆಸರಿರುತ್ತದೆ. ತುಳಶೀಬಾಗಿನಲ್ಲಿ ಚೌಕಾಶಿ ಮಾಡಿ ತಂದ ಓಢಣಿಗೆ ಚೀಟಿಯೂ ಇರುವುದಿಲ್ಲ, ಪಾವತಿಯೂ ಇರುವುದಿಲ್ಲ. ಯಾರಿಂದ ಯಾರಿಗೆ ವಾಪಸು? ಹತ್ತು ರೂಪಾಯಿ ಬಿಟ್ಟುಕೊಟ್ಟಾದರೂ ಪಾವತಿ ಕೇಳಿ ಪಡೆಯಿರಿ. ದೂರಿಗೆ 1915 ಎಂಬ ದೂರವಾಣಿ ಇದೆ. ಬರೆದು ಕಳಿಸುವವರು ಬಟ್ಟೆ, ಪಾವತಿ ಎರಡನ್ನೂ ತೆಗೆದುಕೊಂಡು ರವಿವಾರ ಬೆಳಿಗ್ಗೆ ಇಲ್ಲಿಗೆ ಬನ್ನಿ. ಪತ್ರಿಕೆಗಳ ಮೇಜಿನ ಬಳಿ ನಾನಿರುತ್ತೇನೆ, ಬರೆದುಕೊಡುತ್ತೇನೆ.