ಬೇವಿನ ಬೇನೆ



ಅಂಗಳದ ಬೇವಿನ ಗಿಡಗಳು ತುದಿಯಿಂದ ಒಣಗಿರುವುದನ್ನು ತಾವು ಕಂಡಿದ್ದೀರಿ. (ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಗಿಡವೇ, ಆ ಮಾತನ್ನೇ ಬಳಸುತ್ತೇನೆ.) ಅವು ಸತ್ತಿವೆ, ಕಡಿಸಿ ಆ ಜಾಗದಲ್ಲಿ ತಗಡಿನ ಚಪ್ಪರ ಹಾಕಿಸೋಣ ಎಂಬ ಸಲಹೆ ಬಂದಿದೆ. ಅದಕ್ಕಾಗಿಯೇ ಇಂದು ಈ ವಿಷಯವನ್ನು ಆರಿಸಿಕೊಂಡೆ.

2021ರ ಮಳೆಗಾಲದ ಕೊನೆಗೆ ತೆಲಂಗಾಣದ ಉದ್ದಗಲಕ್ಕೂ ಬೇವು ಸುಟ್ಟಂತೆ ಕಪ್ಪಾಗತೊಡಗಿತು. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಲ್ಲಿ ದೃಷ್ಟಿ ತಾಗಿದೆ ಎಂದವರೂ ಉಂಟು. ಇದಕ್ಕೆ ಕಾರಣ ಒಂದು ಕೀಟ ಮತ್ತು ಒಂದು ಶಿಲೀಂಧ್ರ. ಕೀಟದ ಹೆಸರು ಚಹಾ ಸೊಳ್ಳೆ. ಹೆಸರಿಗೆ ಸೊಳ್ಳೆ, ಜಾತಿಯಲ್ಲಿ ತಿಗಣೆ. ಬೆನ್ನ ಮೇಲೆ ಗುಂಡುಸೂಜಿಯಂಥ ಮುಳ್ಳು ನಿಂತಿರುತ್ತದೆ. ಕರಾವಳಿಯ ಗೇರುತೋಟಗಳಿಗೆ ಇದು ಹಳೆಯ ಶತ್ರು. ಎಳೆಯ ಚಿಗುರಿನ ರಸ ಹೀರುವಾಗ ಇದು ಬಿಡುವ ಜೊಲ್ಲು ವಿಷವಾಗಿ ಚಿಗುರು ಬಾಡುತ್ತದೆ. ಆ ಗಾಯ ಶಿಲೀಂಧ್ರಕ್ಕೆ ಬಾಗಿಲಾಗುತ್ತದೆ. ಫೋಮಾಪ್ಸಿಸ್ ಅಜಾಡಿರಾಕ್ಟೆ ಎಂಬ ಈ ಶಿಲೀಂಧ್ರವನ್ನು 1997ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದವರು ಮೈಸೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು. ನೂರಾರು ಕೀಟಗಳನ್ನು ಹಿಮ್ಮೆಟ್ಟಿಸುವ ಬೇವೇ ಒಂದು ಸಣ್ಣ ತಿಗಣೆಗೆ ಸೋಲುವುದು ವಿಚಿತ್ರವೇ ಸರಿ.

ಆದರೆ ಒಣಗಿದ್ದೆಲ್ಲ ಸತ್ತದ್ದಲ್ಲ. ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿರಿ. ಒಳಗೆ ಹಸಿರಿದ್ದರೆ ಜೀವವಿದೆ. ದೊಡ್ಡ ಗಿಡಗಳಲ್ಲಿ ಬಹುಪಾಲು ಬೇಸಿಗೆಯ ಮೊದಲಲ್ಲಿ ಮತ್ತೆ ಚಿಗುರುತ್ತವೆ. ಒಣಗಿದ ಭಾಗಕ್ಕಿಂತ ತುಸು ಕೆಳಗೆ, ಹಸಿರು ಸಿಗುವಲ್ಲಿ ಕತ್ತರಿಸಿ, ಕತ್ತರಿಸಿದ್ದನ್ನು ಅಂಗಳದಲ್ಲಿ ಬಿಡದೆ ಸುಡಬೇಕು. ರೋಗ ಬೀಜದಲ್ಲಿಯೂ ಸಾಗುವುದರಿಂದ ಇಂಥ ಗಿಡದ ಬೀಜದಿಂದ ಸಸಿ ಮಾಡಬಾರದು. ಔಷಧದ ಮಾತು ಬಂದಾಗ ನಾನು ಸ್ವಲ್ಪ ಹಿಂಜರಿಯುತ್ತೇನೆ. ಸಸಿಗಳಿಗೆ ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕ ಉಪಯುಕ್ತ. ಆದರೆ ಮೂವತ್ತು ಅಡಿಯ ಗಿಡದ ತುದಿಗೆ ಸಾಮಾನ್ಯ ಪಂಪು ಮುಟ್ಟದು, ಸಿಂಪಡಿಸಿದ ಕೀಟನಾಶಕವು ಕೆಳಗೆ ಆಡುವ ಮಕ್ಕಳ ಮೇಲೆಯೇ ಬೀಳುತ್ತದೆ. ಹೂವಿನ ಕಾಲದಲ್ಲಂತೂ ಜೇನುಹುಳುಗಳೂ ಸಾಯುತ್ತವೆ. ಯುಗಾದಿಯ ಬೇವು-ಬೆಲ್ಲಕ್ಕೆ ಹೂವು ಕೀಳುವುದೂ ಇಲ್ಲಿಂದಲೇ. ಸಿಂಪಡಿಸಲೇಬೇಕೆಂದರೆ ಪಾಲೆಂನ ಕೃಷಿ ಸಂಶೋಧನಾ ಕೇಂದ್ರದವರನ್ನು ಕೇಳಿ, ರಜೆಯ ದಿನಗಳಲ್ಲಿ ಮಾಡಿಸಿರಿ.

ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ ಇಷ್ಟು: ಚಪ್ಪರದ ನಿರ್ಣಯವನ್ನು ಯುಗಾದಿಯವರೆಗೆ ಮುಂದೂಡಿರಿ. ಆಗಲೂ ಚಿಗುರದೆ, ಕಾಂಡದ ತೊಗಟೆಯೂ ಒಣಗಿರುವ ಗಿಡವನ್ನು ಮಾತ್ರ ಗುರುತು ಹಾಕಿ ಕಡಿಸಬಹುದು.