ಬಾಂದುಕಲ್ಲು ಸರಿಯುವ ಮುನ್ನ

(ಹುಣಸಗಿಯ ನಾಗರಿಕರ ಮುಂದೆ ಮಾಡಿದ ಭಾಷಣದ ಬರಹ ರೂಪ)



 

ನಮ್ಮ ಹೊಲದ ಬದುವಿನಲ್ಲಿರುವ ಬಾಂದುಕಲ್ಲನ್ನು ಪಕ್ಕದವನು ಒಂದು ಮೊಳ ಸರಿಸಿದರೆ ನಾವು ಸುಮ್ಮನಿರುವುದಿಲ್ಲ. ಅಂದೇ ನಾಲ್ಕು ಜನರನ್ನು ಕರೆಯುತ್ತೇವೆ, ಸರ್ವೆಯವರಿಗೆ ಅರ್ಜಿ ಕೊಡುತ್ತೇವೆ, ಬೇಕಾದರೆ ಕೋರ್ಟಿನ ಮೆಟ್ಟಿಲನ್ನೂ ಏರುತ್ತೇವೆ. ಆದರೆ ನಮ್ಮ ಊರನ್ನು ಯಾವ ವಿಧಾನಸಭಾ ಕ್ಷೇತ್ರಕ್ಕೆ ಸೇರಿಸಬೇಕು, ಯಾವ ಹೋಬಳಿಯನ್ನು ಎಲ್ಲಿಗೆ ಜೋಡಿಸಬೇಕು, ಯಾವ ಕ್ಷೇತ್ರವನ್ನು ಯಾರಿಗೆ ಮೀಸಲಿಡಬೇಕು ಎಂದು ತೀರ್ಮಾನಿಸುವ ಗೆರೆ ಸರಿದಾಗ ನಮಗೆ ಅದರ ಸುಳಿವೂ ಇರುವುದಿಲ್ಲ. ಚುನಾವಣೆ ಬಂದಾಗ, ಅಭ್ಯರ್ಥಿ ಮನೆ ಬಾಗಿಲಿಗೆ ಬಂದಾಗ ನಾವು ಎಚ್ಚರಗೊಳ್ಳುತ್ತೇವೆ. ಆ ಹೊತ್ತಿಗೆ ತಕರಾರಿಗೆ ಬೆಲೆ ಇರುವುದಿಲ್ಲ.

ಹುಣಸಗಿಯಲ್ಲಿ ಇಂದು ಕೇಳಿಬರುವ ಪ್ರಶ್ನೆ ಸಹಜವಾದುದೇ. 2018ರಲ್ಲಿ ನಮ್ಮ ಊರು ತಾಲೂಕು ಕೇಂದ್ರವಾಯಿತು. ತಹಶೀಲ್ದಾರರ ಕಚೇರಿ ಬಂತು. ಹಾಗಾದರೆ ನಮಗೆ ಸ್ವಂತ ಶಾಸಕ ಸ್ಥಾನ ಏಕಿಲ್ಲ? ಸುರಪುರ ಕ್ಷೇತ್ರದ ಬಾಲವಾಗಿಯೇ ನಾವು ಎಷ್ಟು ಕಾಲ ಉಳಿಯಬೇಕು? ಈ ಪ್ರಶ್ನೆಗೆ ಉದ್ವೇಗದಿಂದ ಉತ್ತರಿಸುವುದು ಸುಲಭ. ನಾವು ಲೆಕ್ಕದಿಂದಲೂ ನ್ಯಾಯದಿಂದಲೂ ಉತ್ತರಿಸಲು ಪ್ರಯತ್ನಿಸೋಣ.

ಗಡಿಗಳು ಬದಲಾಗುವುದು ಈ ಸೀಮೆಗೆ ಹೊಸತಲ್ಲ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಅಂತ್ಯದ ಬಳಿಕ ಸುರಪುರ ಸಂಸ್ಥಾನವು ನಿಜಾಮರ ಪಾಲಾಯಿತು. 1956ರಲ್ಲಿ ಗುಲ್ಬರ್ಗಾ ಜಿಲ್ಲೆಯು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. 2010ರಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ರಾಜರ ಕಾಲದಲ್ಲಿ ಪ್ರಜೆಗಳನ್ನು ಯಾರೂ ಕೇಳಲಿಲ್ಲ. ಪ್ರಜಾಪ್ರಭುತ್ವದಲ್ಲಿ ಕೇಳಲೇಬೇಕು ಎಂದು ಕಾನೂನು ಹೇಳುತ್ತದೆ. ಆದರೆ ಕೇಳಿದಾಗ ಉತ್ತರಿಸುವವರು ನಾವಾಗಿದ್ದೇವೆಯೇ?

ಇಂದು ನಾವು ಮತ ಹಾಕುವ ಕ್ಷೇತ್ರಗಳ ಗೆರೆಗಳು ಹೇಗೆ ಬಂದವು ಎಂಬುದನ್ನು ಮೊದಲು ತಿಳಿಯೋಣ. 2002ರ ಪುನರ್ವಿಂಗಡಣಾ ಕಾಯ್ದೆಯಂತೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ನೇತೃತ್ವದಲ್ಲಿ ಆಯೋಗ ರಚನೆಯಾಯಿತು. 2001ರ ಜನಗಣತಿಯನ್ನು ಅದು ಆಧಾರವಾಗಿ ಇರಿಸಿಕೊಂಡಿತು. 2008ರ ಮೇ ತಿಂಗಳ ಕರ್ನಾಟಕ ವಿಧಾನಸಭಾ ಚುನಾವಣೆಯು ದೇಶದಲ್ಲೇ ಮೊದಲಿಗೆ ಹೊಸ ಗಡಿಗಳಂತೆ ನಡೆದ ಚುನಾವಣೆಯಾಗಿತ್ತು. ಸ್ಥಾನಗಳ ಒಟ್ಟು ಸಂಖ್ಯೆ 224 ಆಗಿಯೇ ಉಳಿಯಿತು. ಆದರೆ ಒಳಗಿನ ನಕ್ಷೆ ಅಡಿಮೇಲಾಯಿತು. ಬೆಂಗಳೂರು ನಗರ ಜಿಲ್ಲೆಯ ಸ್ಥಾನಗಳು 16ರಿಂದ 28ಕ್ಕೆ ಏರಿದವು. ಕೊಡಗಿನ ಮೂರು ಸ್ಥಾನಗಳು ಎರಡಾದವು. ಸೋಮವಾರಪೇಟೆ ಕ್ಷೇತ್ರವೇ ಅಳಿಸಿಹೋಯಿತು. ನಮ್ಮ ಅಂದಿನ ಗುಲ್ಬರ್ಗಾ ಜಿಲ್ಲೆಯಲ್ಲಿ ಶಹಾಬಾದ್ ಮತ್ತು ಕಮಲಾಪುರ ಎಂಬ ಎರಡು ಕ್ಷೇತ್ರಗಳು ಇಲ್ಲವಾದವು. ವಿಪರ್ಯಾಸವೆಂದರೆ, ಕ್ಷೇತ್ರವನ್ನು ಕಳೆದುಕೊಂಡ ಈ ಎರಡೂ ಊರುಗಳು ಮುಂದೆ ಹುಣಸಗಿಯ ಜೊತೆಗೇ ಹೊಸ ತಾಲೂಕುಗಳ ಪಟ್ಟಿಯಲ್ಲಿ ಬಂದವು. ತಾಲೂಕಿನ ಗಡಿ ಬೇರೆ, ಕ್ಷೇತ್ರದ ಗಡಿ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಇನ್ನೊಂದು ಉದಾಹರಣೆಯನ್ನು ನಮ್ಮ ಜಿಲ್ಲೆಯಲ್ಲೇ ನೋಡೋಣ. ಗುರುಮಠಕಲ್ ದಶಕಗಳ ಕಾಲ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ ಅಲ್ಲಿ ಸತತವಾಗಿ ಗೆದ್ದರು. 2008ರಲ್ಲಿ ಗುರುಮಠಕಲ್ ಸಾಮಾನ್ಯ ಕ್ಷೇತ್ರವಾಯಿತು, ಚಿತ್ತಾಪುರ ಮೀಸಲಾಯಿತು. ಖರ್ಗೆಯವರು ಚಿತ್ತಾಪುರಕ್ಕೆ ಹೋಗಿ ಗೆದ್ದರು. ಹಿಂದೆ ಚಿತ್ತಾಪುರದಲ್ಲಿ ಗೆದ್ದಿದ್ದ ಬಾಬುರಾವ್ ಚಿಂಚನಸೂರ್ ಅವರು ಗುರುಮಠಕಲ್‌ಗೆ ಬಂದು ಗೆದ್ದರು. ಅಂದರೆ ಗೆರೆ ಬದಲಾದಾಗ ನಾಯಕರು ಜಾಗ ಬದಲಿಸಿಕೊಳ್ಳಬಲ್ಲರು. ಮತದಾರನು ಮಾತ್ರ ತನ್ನ ಮನೆ, ಹೊಲ, ಮಸೀದಿ, ಮಂದಿರವನ್ನು ಹೊತ್ತುಕೊಂಡು ಹೋಗಲಾರ. ಆದ್ದರಿಂದ ಗಡಿಯ ವಿಷಯವನ್ನು ನಾಯಕರಿಗೆ ಬಿಟ್ಟು ನಾವು ನಿಶ್ಚಿಂತರಾಗಿರುವುದು ಜಾಣತನವಲ್ಲ.

ಈಗ ಕಾನೂನಿನ ಮಾತಿಗೆ ಬರೋಣ. 2002ರ ಕಾಯ್ದೆಯಂತೆ ಆಯೋಗವು ಮೊದಲು ಕರಡು ಪ್ರಸ್ತಾವವನ್ನು ರಾಜಪತ್ರದಲ್ಲಿ ಪ್ರಕಟಿಸಬೇಕು. ಆಕ್ಷೇಪಣೆ ಮತ್ತು ಸಲಹೆಗಳಿಗೆ ದಿನಾಂಕ ಗೊತ್ತುಪಡಿಸಬೇಕು. ಸಾರ್ವಜನಿಕ ವಿಚಾರಣೆ ನಡೆಸಬೇಕು. ಪ್ರತಿ ರಾಜ್ಯದಿಂದ ಐವರು ಸಂಸದರು ಮತ್ತು ಐವರು ಶಾಸಕರು ಸಹ ಸದಸ್ಯರಾಗಿರುತ್ತಾರೆ. ಆದರೆ ಅವರಿಗೆ ಮತದಾನದ ಹಕ್ಕಿಲ್ಲ. ಅಂತಿಮ ಆದೇಶ ಪ್ರಕಟವಾದ ಮೇಲೆ ಅದಕ್ಕೆ ಕಾನೂನಿನ ಬಲವಿರುತ್ತದೆ, ಯಾವ ನ್ಯಾಯಾಲಯದಲ್ಲೂ ಅದನ್ನು ಪ್ರಶ್ನಿಸುವಂತಿಲ್ಲ. ಮೇಘರಾಜ್ ಕೊಠಾರಿ ಪ್ರಕರಣದಲ್ಲಿ 1966ರಲ್ಲೇ ಸುಪ್ರೀಂ ಕೋರ್ಟು ಈ ನಿಲುವನ್ನು ಎತ್ತಿಹಿಡಿಯಿತು. ಗುಜರಾತಿನ ಬಾರ್ಡೋಲಿ ಕ್ಷೇತ್ರದ ಮೀಸಲಾತಿಗೆ ಸಂಬಂಧಿಸಿದ ಪ್ರಕರಣದಲ್ಲಿ, ಆದೇಶವು ಸ್ಪಷ್ಟವಾಗಿ ಸ್ವೇಚ್ಛಾಚಾರದಿಂದ ಕೂಡಿದ್ದರೆ ನ್ಯಾಯಾಲಯ ಮಧ್ಯಪ್ರವೇಶಿಸಬಹುದೆಂದು 2024ರಲ್ಲಿ ಅದೇ ನ್ಯಾಯಾಲಯ ಹೇಳಿತು. ಬಾಗಿಲು ಒಂದಿಷ್ಟು ತೆರೆದಿದೆ ನಿಜ. ಆದರೆ ಅದು ಕಿರಿದಾದ ಬಾಗಿಲು. ಜನಸಾಮಾನ್ಯರಿಗೆ ಉಳಿಯುವುದು ಕರಡು ಪ್ರಕಟವಾದ ದಿನದಿಂದ ಆಕ್ಷೇಪಣೆಯ ಕೊನೆಯ ದಿನದವರೆಗಿನ ಕೆಲವೇ ದಿನಗಳು.

ಆ ದಿನಗಳಲ್ಲಿ ಮಾಡಿದ ಕೆಲಸ ವ್ಯರ್ಥವಲ್ಲ. ಅಸ್ಸಾಮಿನಲ್ಲಿ 2023ರ ಜೂನ್‌ನಲ್ಲಿ ಕರಡು ಪ್ರಕಟವಾದಾಗ ಸಾವಿರಕ್ಕೂ ಹೆಚ್ಚು ಮನವಿಗಳು ಬಂದವು. ಆಗಸ್ಟ್‌ನ ಅಂತಿಮ ಆದೇಶದಲ್ಲಿ ಹಲವು ಕ್ಷೇತ್ರಗಳ ಹೆಸರುಗಳು ಬದಲಾದವು. ಅಲ್ಲಿ ಅಸಮಾಧಾನವೂ ಸಾಕಷ್ಟು ಉಳಿಯಿತು. ಆದರೂ ಬರೆದು ಕೊಟ್ಟವರ ಮಾತು ಕಡತದಲ್ಲಿ ಉಳಿಯಿತು. ಚಹಾದಂಗಡಿಯಲ್ಲಿ ಗೊಣಗಿದವರ ಮಾತು ಗಾಳಿಗೆ ಹೋಯಿತು.

ಹಾಗಾದರೆ ಹುಣಸಗಿಯವರು ಏನನ್ನು ಬರೆಯಬೇಕು? ಮೊದಲು ಕಹಿಯಾದ ಲೆಕ್ಕವನ್ನು ಒಪ್ಪಿಕೊಳ್ಳೋಣ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ ಸುಮಾರು 6.11 ಕೋಟಿ. ಅದನ್ನು 224ರಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸರಾಸರಿ 2.73 ಲಕ್ಷ ಜನ. ಯಾದಗಿರಿ ಜಿಲ್ಲೆಯ ಜನಸಂಖ್ಯೆ ಸುಮಾರು 11.74 ಲಕ್ಷ. ಅಂದರೆ ನಮ್ಮ ಪಾಲು ನಾಲ್ಕಕ್ಕಿಂತ ತುಸು ಹೆಚ್ಚು, ಐದಕ್ಕಿಂತ ಬಹಳ ಕಡಿಮೆ. ಇಂದು ನಮಗಿರುವುದು ನಾಲ್ಕು. ಒಟ್ಟು ಸಂಖ್ಯೆ ಹೆಚ್ಚದೆ ಐದನೆಯ ಸ್ಥಾನವನ್ನು ಕೊಡಿಸುತ್ತೇವೆಂದು ಯಾರಾದರೂ ವೇದಿಕೆಯಲ್ಲಿ ಭರವಸೆ ಕೊಟ್ಟರೆ ಅವರು ಲೆಕ್ಕ ಮಾಡಿಲ್ಲವೆಂದೇ ತಿಳಿಯಬೇಕು. ಇದೇ ಲೆಕ್ಕದಲ್ಲಿ 96 ಲಕ್ಷ ಜನರಿದ್ದ ಬೆಂಗಳೂರು ನಗರ ಜಿಲ್ಲೆಗೆ 28ರ ಬದಲು 35 ಸ್ಥಾನಗಳು ಸಲ್ಲುತ್ತವೆ. ಆ ಏಳು ಸ್ಥಾನಗಳು ಆಕಾಶದಿಂದ ಉದುರುವುದಿಲ್ಲ. ಹಳ್ಳಿಗಾಡಿನ ಜಿಲ್ಲೆಗಳಿಂದಲೇ ಹೋಗಬೇಕು. ಉತ್ತರ ಭಾರತದ ಮುಂದೆ ದಕ್ಷಿಣಕ್ಕೆ ಅನ್ಯಾಯವಾಗುತ್ತದೆಂದು ನಮ್ಮ ರಾಜ್ಯದ ನಾಯಕರು ಧ್ವನಿಯೆತ್ತಿದ್ದಾರೆ. 2025ರ ಮಾರ್ಚ್‌ನಲ್ಲಿ ಚೆನ್ನೈಯಲ್ಲಿ ನಡೆದ ಸಭೆಯಲ್ಲೂ ಕರ್ನಾಟಕ ಪಾಲ್ಗೊಂಡಿತು. ಅದು ಸರಿಯೇ. ಆದರೆ ರಾಜಧಾನಿಯ ಮುಂದೆ ಕಲ್ಯಾಣ ಕರ್ನಾಟಕಕ್ಕೆ ಆಗಬಹುದಾದ ನಷ್ಟದ ಬಗ್ಗೆಯೂ ಅಷ್ಟೇ ಗಟ್ಟಿಯಾದ ಧ್ವನಿ ಬೇಡವೇ?

ಇಲ್ಲಿಯೇ ನಮ್ಮ ಮನೆಯ ಸಂಕಟವೂ ಸೇರಿಕೊಂಡಿದೆ. ಗುಳೆ ಹೋಗುವುದು ಈ ಭಾಗದ ಬಡವರ ಹಣೆಬರಹವಾಗಿಬಿಟ್ಟಿದೆ. ಬೆಂಗಳೂರಿನ ಕಟ್ಟಡಗಳ ಕೆಳಗೆ, ತಗಡಿನ ಶೆಡ್ಡುಗಳಲ್ಲಿ ಯಾದಗಿರಿಯ ಎಷ್ಟು ಕುಟುಂಬಗಳಿವೆ ಎಂಬುದು ನಿಮಗೆಲ್ಲ ತಿಳಿದ ಸಂಗತಿ. 2025ರ ಜೂನ್‌ನ ಅಧಿಸೂಚನೆಯು ಹೊಸ ಜನಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವನ್ನಾಗಿ ಗೊತ್ತುಪಡಿಸಿತು. ಸುಗ್ಗಿ ಮುಗಿದು ಜನ ಗುಳೆ ಹೊರಡುವ ಕಾಲವೂ ಅದೇ. ಗಣತಿಯ ದಿನಗಳಲ್ಲೆಲ್ಲ ಊರಿನಿಂದ ಹೊರಗಿದ್ದವರನ್ನು ಅವರಿದ್ದ ಕಡೆಯೇ ಎಣಿಸುವುದು ಗಣತಿಯ ರೂಢಿ. ನೆನಪಿಡಿ, ಕ್ಷೇತ್ರದ ಲೆಕ್ಕಕ್ಕೆ ಬರುವುದು ಮತದಾರರ ಪಟ್ಟಿಯಲ್ಲ. ತೊಟ್ಟಿಲ ಕೂಸೂ ಸೇರಿದ ಜನಸಂಖ್ಯೆ. ಹೀಗೆ ನಮ್ಮ ಮಕ್ಕಳು ಬೆಂಗಳೂರಿನ ಗೋಡೆಯನ್ನಷ್ಟೇ ಕಟ್ಟುವುದಿಲ್ಲ, ಬೆಂಗಳೂರಿನ ಶಾಸಕ ಸ್ಥಾನವನ್ನೂ ಕಟ್ಟುತ್ತಾರೆ. ಅಲ್ಲಿ ಅವರಿಗೆ ಮತವಿರುವುದಿಲ್ಲ. ಇಲ್ಲಿ ಅವರ ಎಣಿಕೆಯಿರುವುದಿಲ್ಲ.

ಇನ್ನು ನಾವು ನ್ಯಾಯವಾಗಿ ಕೇಳಬಹುದಾದದ್ದೇನು? ಕ್ಷೇತ್ರವು ಭೌಗೋಳಿಕವಾಗಿ ಒತ್ತಟ್ಟಾಗಿರಬೇಕು. ನದಿ, ಬೆಟ್ಟದಂತಹ ನೈಸರ್ಗಿಕ ಲಕ್ಷಣ, ಆಡಳಿತ ಘಟಕಗಳ ಗಡಿ, ಸಾರಿಗೆ ಸಂಪರ್ಕ, ಜನರ ಅನುಕೂಲ ಇವುಗಳನ್ನು ಗಮನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ನಮ್ಮ ಆಕ್ಷೇಪಣೆ ಈ ಮಾತುಗಳ ಮೇಲೆಯೇ ನಿಲ್ಲಬೇಕು. 2008ರ ಗೆರೆಗಳನ್ನು ಎಳೆದಾಗ ಯಾದಗಿರಿ ಜಿಲ್ಲೆಯೇ ಇರಲಿಲ್ಲ, ಹುಣಸಗಿ ತಾಲೂಕೂ ಇರಲಿಲ್ಲ. ಕೆಂಭಾವಿ ಸುರಪುರ ತಾಲೂಕಿನಲ್ಲಿದ್ದೂ ಶಹಾಪುರ ಕ್ಷೇತ್ರಕ್ಕೆ ಸೇರಿದೆ. ಸುರಪುರ, ಶಹಾಪುರ, ಯಾದಗಿರಿಗಳು ರಾಯಚೂರು ಲೋಕಸಭಾ ಕ್ಷೇತ್ರದಲ್ಲಿದ್ದರೆ ಗುರುಮಠಕಲ್ ಗುಲ್ಬರ್ಗಾ ಕ್ಷೇತ್ರದಲ್ಲಿದೆ. ಹುಣಸಗಿ ತಾಲೂಕಿನ ಎಲ್ಲ ಹಳ್ಳಿಗಳು ಒಂದೇ ಕ್ಷೇತ್ರದಲ್ಲಿರಲಿ, ನಾರಾಯಣಪುರ ಎಡದಂಡೆ ಕಾಲುವೆಯ ನೀರನ್ನು ನಂಬಿದ ಊರುಗಳನ್ನು ಹರಿದು ಹಂಚದಿರಲಿ, ಕ್ಷೇತ್ರದ ಹೆಸರಿನಲ್ಲಿ ಸುರಪುರದ ಜೊತೆ ಹುಣಸಗಿಯೂ ಇರಲಿ ಎಂಬ ಬೇಡಿಕೆಗಳು ಕಾನೂನಿನ ಭಾಷೆಯಲ್ಲಿ ನಿಲ್ಲಬಲ್ಲವು. ‘ನಮ್ಮವರೊಬ್ಬರು ಗೆಲ್ಲುವಂತೆ ಗೆರೆ ಎಳೆಯಿರಿ’ ಎಂಬ ಬೇಡಿಕೆ ನಿಲ್ಲಲಾರದು, ನಿಲ್ಲಲೂಬಾರದು.

ಕೊನೆಯದಾಗಿ, ಕೆಲವರು ಪಿಸುಮಾತಿನಲ್ಲಿ ಹೇಳುವ ಒಂದು ವಿಷಯವನ್ನು ನಾವು ಬಹಿರಂಗವಾಗಿಯೇ ಚರ್ಚಿಸಬೇಕು. 2008ರಿಂದ ಸುರಪುರ ವಿಧಾನಸಭಾ ಕ್ಷೇತ್ರ ಮತ್ತು ರಾಯಚೂರು ಲೋಕಸಭಾ ಕ್ಷೇತ್ರ ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿವೆ. ‘ನಮಗೆ ಸ್ಪರ್ಧಿಸುವ ಅವಕಾಶವೇ ಇಲ್ಲವಾಯಿತು’ ಎಂಬ ಅಳಲು ನಮ್ಮ ಸಮುದಾಯದಲ್ಲೂ ಇತರ ಸಮುದಾಯಗಳಲ್ಲೂ ಇದೆ. ಆದರೆ ಮಗ್ಗುಲಿನ ಮನೆಯ ಕಥೆಯನ್ನೂ ಕೇಳೋಣ. ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳು 1991ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಸೇರಿದವು. ಆದರೆ ಸ್ಥಾನಗಳು 1971ರ ಗಣತಿಯ ಲೆಕ್ಕದಲ್ಲೇ ಹೆಪ್ಪುಗಟ್ಟಿದ್ದವು. ಇಡೀ ರಾಜ್ಯದಲ್ಲಿ ಪರಿಶಿಷ್ಟ ಪಂಗಡಕ್ಕೆ ಇದ್ದುದು ಕೇವಲ 2 ವಿಧಾನಸಭಾ ಸ್ಥಾನಗಳು. 2008ರಲ್ಲಿ ಅವು 15 ಆದವು. ಹದಿನೇಳು ವರ್ಷ ಕಾದು ಪಡೆದ ಹಕ್ಕದು. ಅದನ್ನು ನಮ್ಮಿಂದ ಕಿತ್ತುಕೊಂಡ ಸೊತ್ತೆಂದು ಭಾವಿಸುವುದು ಅನ್ಯಾಯ.

ಮುಸ್ಲಿಮರಿಗೆ ಗೆರೆಗಳಿಂದ ಅನ್ಯಾಯವಾಗಿಲ್ಲ ಎಂದು ನಾವು ಹೇಳುತ್ತಿಲ್ಲ. ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳಗಳಲ್ಲಿ ಮುಸ್ಲಿಮರು ಹೆಚ್ಚಿರುವ ಎಷ್ಟೋ ಕ್ಷೇತ್ರಗಳು ಪರಿಶಿಷ್ಟ ಜಾತಿಗೆ ಮೀಸಲಾಗಿದ್ದು, ದಲಿತರು ಹೆಚ್ಚಿರುವ ಕ್ಷೇತ್ರಗಳು ಸಾಮಾನ್ಯವಾಗಿಯೇ ಉಳಿದಿವೆ ಎಂದು 2006ರಲ್ಲಿ ಸಾಚಾರ್ ಸಮಿತಿ ತೋರಿಸಿಕೊಟ್ಟಿತು. ಅದು ಮುಸ್ಲಿಮರಿಗೂ ನಷ್ಟ, ದಲಿತರಿಗೂ ನಷ್ಟ. ಆ ಸಮಿತಿಯು ಮೀಸಲಾತಿ ಬೇಡವೆಂದು ಹೇಳಲಿಲ್ಲ. ಗೆರೆಯನ್ನು ವಿವೇಚನೆಯಿಂದ ಎಳೆಯಿರಿ ಎಂದಿತು. ಅಸ್ಸಾಮಿನ ಕರೀಂಗಂಜ್ ಲೋಕಸಭಾ ಕ್ಷೇತ್ರವು ದೀರ್ಘಕಾಲ ಮೀಸಲಾಗಿದ್ದು 2023ರಲ್ಲಿ ಸಾಮಾನ್ಯವಾಯಿತು, ಸಿಲ್ಚರ್ ಮೀಸಲಾಯಿತು. ಪರಿಶಿಷ್ಟ ಜಾತಿಯ ಸ್ಥಾನಗಳನ್ನು ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಹಂಚಬೇಕೆಂಬ ನಿಯಮವಿದೆ. ಪರಿಶಿಷ್ಟ ಪಂಗಡದ ಸ್ಥಾನಗಳಾದರೋ ಅವರ ಪ್ರಮಾಣ ಅತಿ ಹೆಚ್ಚಿರುವ ಕಡೆಗೇ ಸಲ್ಲಬೇಕು. ಈ ವ್ಯತ್ಯಾಸವನ್ನು ತಿಳಿಯದೆ ಸುರಪುರದ ಮೀಸಲಾತಿಯ ವಿರುದ್ಧ ಅರ್ಜಿ ಬರೆದರೆ ಅರ್ಜಿಯೂ ಬಿದ್ದುಹೋಗುತ್ತದೆ, ಶತಮಾನಗಳ ನೆರೆಹೊರೆಯೂ ಕೆಡುತ್ತದೆ. ತಿಂಥಣಿಯ ಮೌನೇಶ್ವರರ ಸನ್ನಿಧಿಗೆ ಹಿಂದೂ ಮುಸ್ಲಿಮರು ಒಟ್ಟಾಗಿ ನಡೆದ ಸೀಮೆಯಿದು. ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲುವವನು ಸ್ವಂತ ಲಾಭದ ವಿರುದ್ಧವೂ ನಿಲ್ಲಬೇಕಾಗುತ್ತದೆ ಎಂಬ ಪಾಠವನ್ನು ಬಾಲ್ಯದಿಂದ ಕೇಳಿ ಬೆಳೆದವರು ನಾವು. ಅದನ್ನು ಆಚರಿಸುವ ಸ್ಥಳ ಮಸೀದಿ ಮಾತ್ರವಲ್ಲ, ತಹಶೀಲ್ದಾರರ ಕಚೇರಿಯೂ ಹೌದು.

ಆದ್ದರಿಂದ ಬಂಧುಗಳೇ, ಮೂರು ಕೆಲಸಗಳನ್ನು ಮಾಡೋಣ. ಮೊದಲನೆಯದು, ಪ್ರತಿ ಓಣಿಯಲ್ಲೂ ಓದುಬರಹ ಬಲ್ಲ ಒಬ್ಬ ಯುವಕ, ಒಬ್ಬ ಯುವತಿ ಎಣಿಕೆಯ ಹೊಣೆ ಹೊತ್ತು, ಗಣತಿಯಲ್ಲಿ ಯಾವ ಮನೆಯೂ ಬಿಡದಂತೆ ನೋಡಿಕೊಳ್ಳಲಿ. ಎರಡನೆಯದು, ಹುಣಸಗಿಯ ಹಳ್ಳಿ, ರಸ್ತೆ, ಕಾಲುವೆಗಳ ನಕ್ಷೆಯೊಂದನ್ನು ಸಿದ್ಧಪಡಿಸೋಣ. ಕರಡು ಬಂದ ಮೇಲೆ ಹುಡುಕಾಡಲು ಸಮಯವಿರುವುದಿಲ್ಲ. ಮೂರನೆಯದು, ಆಕ್ಷೇಪಣೆಯು ಒಂದೇ ಕಾಗದದಲ್ಲಿ ಹೋಗಲಿ. ಅದರ ಕೆಳಗೆ ಮಸೀದಿಯ ಜಮಾಅತಿನವರ ಸಹಿಯೂ ಇರಲಿ, ವಾಲ್ಮೀಕಿ, ಲಿಂಗಾಯತ, ಕುರುಬ, ದಲಿತ ಬಂಧುಗಳ ಸಹಿಯೂ ಇರಲಿ. ಒಂದು ಸಮುದಾಯದ ಮನವಿಯನ್ನು ಕಡತದಲ್ಲಿಟ್ಟು ಮರೆಯುವುದು ಸುಲಭ. ಒಂದು ಊರಿನ ಮನವಿಯನ್ನು ಮರೆಯುವುದು ಅಷ್ಟು ಸುಲಭವಲ್ಲ.

ಗೆರೆ ನಾವು ಬಯಸಿದಂತೆಯೇ ಬರುತ್ತದೆಂದು ಹೇಳಲಾಗದು. ಆದರೆ ನಾಳೆ ಮಕ್ಕಳು, ‘ಊರಿನ ಗಡಿ ಬದಲಾಗುವಾಗ ನೀವೇನು ಮಾಡುತ್ತಿದ್ದಿರಿ?’ ಎಂದು ಕೇಳಿದರೆ, ದಿನಾಂಕ ಮತ್ತು ಮೊಹರು ಇರುವ ಒಂದು ಪ್ರತಿಯನ್ನಾದರೂ ಅವರ ಕೈಗಿಡುವಂತಿರಬೇಕು.